ಕನ್ನಡ ಓದೋಕೆ ಕಿಂಡಲ್ ತಗೊಳ್ಳಲಾ, ಟ್ಯಾಬ್ ತಗೊಳ್ಳಲಾ?

ಪ್ರಶ್ನೆ: ಫೋನಿನಲ್ಲಿ ಪಿಡಿಎಫ್ ಓದಿ ಓದಿ ಕಣ್ಣು ಉರಿಯುತ್ತದೆ. ನಾನು ಓದುವುದು ಬಹುಪಾಲು ಕನ್ನಡ, ಆಗೊಂದು ಈಗೊಂದು ಇಂಗ್ಲಿಷ್ ಕಾದಂಬರಿ. ಕಿಂಡಲ್ ತಗೊಂಡರೆ ಒಳ್ಳೆಯದೋ, ಟ್ಯಾಬ್ ಒಳ್ಳೆಯದೋ?

ಉತ್ತರ: ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಮೊದಲು ಹಾಕುವುದು ಮರುಪ್ರಶ್ನೆ. ನೀವು ಈಚೆಗೆ ಓದಿದ ಹತ್ತು ಇ-ಪುಸ್ತಕ ಯಾವುವು, ಅವು ನಿಮಗೆ ಎಲ್ಲಿ ಸಿಕ್ಕವು? ಬರೀ ಇಂಗ್ಲಿಷ್ ಕಾದಂಬರಿ ಓದುವವರಾದರೆ ಇದನ್ನು ಕೇಳುವ ಅಗತ್ಯವೇ ಇಲ್ಲ. 6 ಅಥವಾ 7 ಇಂಚಿನ ಕಿಂಡಲ್ ತಗೊಳ್ಳಿ ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದು. ಕನ್ನಡದ ಮಾತು ಬೇರೆ ಎಂಬುದನ್ನು ನಾನು ಕಲಿತದ್ದು ಅಮ್ಮನಿಂದ.

ಅಮ್ಮನಿಗೆಂದು 6 ಇಂಚಿನ ಇ-ಇಂಕ್ ಸಾಧನವೊಂದನ್ನು, ಅಂದರೆ ಕಿಂಡಲ್‌ನಂತೆ ಕಾಗದವನ್ನು ಹೋಲುವ ಪರದೆ ಇರುವುದನ್ನು, ತಂದಿದ್ದೆ. ಹಗುರ, ಕಣ್ಣಿಗೆ ಹಿತ, ಚಾರ್ಜ್ ಮಾಡುವ ತಲೆನೋವೂ ಕಡಿಮೆ. ಅದಕ್ಕೆ ಹಳೆಯ ಕಾದಂಬರಿಯೊಂದರ ಸ್ಕ್ಯಾನ್ ಹಾಕಿ ಕೊಟ್ಟೆ. ಅರ್ಧ ಪುಟ ಓದಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. "ಇಲ್ಲಿ ನೋಡೋ, ಇದು ದನಾನೋ ಧನಾನೋ?" ಅಂದಳು. ನಾನೂ ಬಗ್ಗಿ ನೋಡಿದೆ. ನನಗೂ ಗೊತ್ತಾಗಲಿಲ್ಲ. ದ ಮತ್ತು ಧ ನಡುವೆ ಇರುವ ವ್ಯತ್ಯಾಸ ಬುಡದಲ್ಲಿರುವ ಒಂದು ಸಣ್ಣ ಸೀಳು, ಅಷ್ಟೆ. ಅದು ಅಚ್ಚುಮೊಳೆಯ ಕಾಲದ ಪುಸ್ತಕ, ಶಾಯಿ ಕಾಗದದಲ್ಲೇ ಒಂಚೂರು ಹರಡಿತ್ತು. ಸ್ಕ್ಯಾನ್ ಅದನ್ನು ಇನ್ನಷ್ಟು ಮಸುಕು ಮಾಡಿತ್ತು. ಅದರ ಮೇಲೆ ಪುಟವನ್ನೇ ಕುಗ್ಗಿಸಿ ತೋರಿಸಿದರೆ ಆ ಸೀಳು ಉಳಿಯುವುದಾದರೂ ಎಲ್ಲಿ? ಪ-ಫ, ಡ-ಢಗಳ ಗತಿಯೂ ಇದೇ. ಒತ್ತಕ್ಷರಗಳಂತೂ ಸಾಲಿನ ಅಡಿಯಲ್ಲಿ ಚುಕ್ಕಿಗಳಾಗಿ ನಿಂತುಬಿಡುತ್ತವೆ. ತ್ತ ಯಾವುದು, ತ್ನ ಯಾವುದು ಎಂದು ಊಹೆಯ ಮೇಲೆ ಓದಬೇಕು.

ಇದು ಸಾಧನದ ತಪ್ಪಲ್ಲ, ನನ್ನ ಲೆಕ್ಕದ ತಪ್ಪು. ನಮ್ಮ ಪ್ರಕಾಶಕರು ಡೆಮಿ 1/8 ಅನ್ನುವ ಆಕಾರದ ಪುಸ್ತಕ ಸುಮಾರು 14 ಸೆಂಟಿಮೀಟರ್ ಅಗಲ, 21.5 ಸೆಂಟಿಮೀಟರ್ ಎತ್ತರ. 6 ಇಂಚಿನ ಪರದೆ ಸುಮಾರು 9ಕ್ಕೆ 12 ಸೆಂಟಿಮೀಟರ್. ಇಡೀ ಪುಟ ಅದರಲ್ಲಿ ಕೂರಬೇಕೆಂದರೆ ಅಕ್ಷರ ಮೂಲದ ಅರ್ಧಕ್ಕಿಂತ ಸ್ವಲ್ಪವೇ ದೊಡ್ಡದಾಗಿ ಉಳಿಯುತ್ತದೆ. ಇಂಗ್ಲಿಷ್ ಓದುಗರಿಗೆ ಈ ಕಾಟ ಇಲ್ಲ. ಅವರು ಕೊಳ್ಳುವ ಇ-ಪುಸ್ತಕ ಚಿತ್ರವಲ್ಲ, ಪಠ್ಯ. ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವೇ ಮುರಿದುಕೊಂಡು ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಎಂದರೆ ಪುಟದ ಫೋಟೋ. ಅದನ್ನು ದೊಡ್ಡದು ಮಾಡಿದರೆ ಸಾಲಿನ ತುದಿ ಪರದೆಯ ಆಚೆ ಹೋಗುತ್ತದೆ.

ಕನ್ನಡದ ಓದಿನಲ್ಲಿ ಈ ಫೋಟೋ ಪುಟಗಳ ಪಾಲು ದೊಡ್ಡದು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಪುಸ್ತಕಗಳು ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಜಾಲತಾಣದಲ್ಲಿ ಇವೆ. ಆಮೇಲೆ ಸರ್ವೆಂಟ್ಸ್ ಆಫ್ ನಾಲೆಡ್ಜ್ ಹೆಸರಿನಲ್ಲಿ ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿದವೂ ಅಲ್ಲೇ ಸೇರಿವೆ. ಮರುಮುದ್ರಣ ಕಾಣದ ಎಷ್ಟೋ ಪುಸ್ತಕ ನಮ್ಮ ಕೈಗೆ ಸಿಗುತ್ತಿರುವುದು ಈ ದಾರಿಯಲ್ಲೇ. ಅಂಥ ನಿಧಿಯನ್ನು ಓದಲಾಗದ ಸಾಧನಕ್ಕೆ ದುಡ್ಡು ಸುರಿಯಬೇಡಿ ಎಂಬುದು ನನ್ನ ಕಳಕಳಿ.

ಹೊಸ ಪುಸ್ತಕಗಳ ಕಥೆ ಇನ್ನೊಂದು. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ತನ್ನ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಈ ಐದು ಭಾಷೆಗಳನ್ನು ಸೇರಿಸಿತು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಪ್ರಕಾಶಕರು ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್‌ನಂಥ ಆ್ಯಪ್‌ಗಳ ಕಡೆ ಹೋದರು. ಅಮೆರಿಕದಲ್ಲೋ ದುಬೈನಲ್ಲೋ ಕೂತು, ಅಂಚೆಯ ಖರ್ಚಿಲ್ಲದೆ ಹೊಸ ಕಾದಂಬರಿಯನ್ನು ಅದೇ ದಿನ ಓದುವ ಕನ್ನಡಿಗರಿಗೆ ಇವು ದೊಡ್ಡ ಆಸರೆ. ಆದರೆ ಇಂಥ ಆ್ಯಪ್ ಕಿಂಡಲ್ ಒಳಗೆ ಕೂರುವುದಿಲ್ಲ. ಅದಕ್ಕೆ ಆಂಡ್ರಾಯ್ಡ್ ಅಥವಾ ಐಪ್ಯಾಡ್ ಬೇಕು. ಇ-ಇಂಕೇ ಬೇಕೆಂದರೆ ಆಂಡ್ರಾಯ್ಡ್ ಇರುವ ಇ-ಇಂಕ್, ಉದಾಹರಣೆಗೆ ಬೂಕ್ಸ್ (Boox) ಎಂಬ ಹೆಸರಿನ ಸಾಧನಗಳು. ಕೊಳ್ಳುವ ಮುಂಚೆ ಉಚಿತ ಮಾದರಿ ಪುಟಗಳನ್ನು ತೆರೆದು ಅಕ್ಷರ ದೊಡ್ಡದು ಮಾಡಿ ನೋಡಿ. ಕೆಲವು ಇ-ಪುಸ್ತಕಗಳು ಅಲ್ಲೂ ಪುಟದ ಚಿತ್ರಗಳೇ.

ಇ-ಇಂಕ್ ಎಂದರೇನು ಎಂದು ಕೇಳುವವರಿಗೆ ಎರಡು ಮಾತು. ಪರದೆಯ ಒಳಗೆ ಕೂದಲೆಳೆಯ ದಪ್ಪದ ಗುಳಿಗೆಗಳಿರುತ್ತವೆ. ಒಂದೊಂದರಲ್ಲೂ ಬಿಳಿ ಮತ್ತು ಕಪ್ಪು ಕಣಗಳು ತೇಲುತ್ತಿರುತ್ತವೆ, ಎರಡಕ್ಕೂ ವಿರುದ್ಧ ವಿದ್ಯುದಾವೇಶ. ವಿದ್ಯುತ್ ಕೊಟ್ಟಾಗ ಬೇಕಾದ ಬಣ್ಣ ಮೇಲೆ ಬಂದು ಅಲ್ಲೇ ನಿಲ್ಲುತ್ತದೆ. ಪುಟ ತಿರುಗಿಸುವಾಗ ಮಾತ್ರ ಪರದೆಗೆ ವಿದ್ಯುತ್ ಬೇಕು, ಅದಕ್ಕೇ ಬ್ಯಾಟರಿ ವಾರಗಟ್ಟಲೆ ಬರುತ್ತದೆ. ಬೆಳಕು ಹಿಂದಿನಿಂದ ಕಣ್ಣಿಗೆ ಹೊಡೆಯುವುದಿಲ್ಲ. ಕಾಗದದ ಮೇಲೆ ಬಿದ್ದಂತೆ ಮೇಲಿನಿಂದ ಬೀಳುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಜಗಲಿಯ ಮೇಲೆ ಕೂತರೂ ಅಕ್ಷರ ಕಾಣುತ್ತದೆ, ಟ್ಯಾಬ್‌ನಲ್ಲಾದರೆ ನಿಮ್ಮ ಮುಖವೇ ಕಾಣುತ್ತದೆ. ಕೊರತೆಯೂ ಇದೆ. ಪುಟ ನಿಧಾನ, ಹಿಂದಿನ ಪುಟದ ನೆರಳು ಒಮ್ಮೊಮ್ಮೆ ಉಳಿಯುತ್ತದೆ. ಬಣ್ಣದ ಸ್ಕ್ಯಾನ್‌ಗಳ ಕಡತ ನೂರಾರು ಎಂಬಿ ಇದ್ದರೆ ಸಣ್ಣ ಸಾಧನಗಳು ಏದುಸಿರು ಬಿಡುತ್ತವೆ.

ಕಣ್ಣುರಿಯ ವಿಷಯ. ನೀಲಿ ಬೆಳಕು ಕಣ್ಣು ಹಾಳು ಮಾಡುತ್ತದೆ ಎಂಬ ಹೆದರಿಕೆ ಎಲ್ಲೆಡೆ ಇದೆ. ಪರದೆಯ ನೀಲಿ ಬೆಳಕಿನಿಂದ ಕಣ್ಣಿಗೆ ಹಾನಿ ಎನ್ನಲು ಪುರಾವೆ ಇಲ್ಲವೆಂದು ಅಮೆರಿಕದ ನೇತ್ರತಜ್ಞರ ಸಂಸ್ಥೆ ಹೇಳಿದೆ. ಉರಿಗೆ ದೊಡ್ಡ ಕಾರಣ ನಾವು ರೆಪ್ಪೆ ಬಡಿಯುವುದನ್ನು ಮರೆಯುವುದು. ನಿಮಿಷಕ್ಕೆ ಸುಮಾರು 15 ಸಲ ಮಿಟುಕಿಸುವ ಕಣ್ಣು ಪರದೆಯ ಮುಂದೆ ಅದರ ಅರ್ಧದಷ್ಟೇ ಮಿಟುಕಿಸುತ್ತದೆ, ಒಣಗುತ್ತದೆ. ಫೋನಿನಲ್ಲಿ ಅಕ್ಷರ ಸಣ್ಣದಾದ್ದರಿಂದ ಇನ್ನೂ ಹತ್ತಿರ ಹಿಡಿದು, ಇನ್ನೂ ಬಿಟ್ಟ ಕಣ್ಣಿನಿಂದ ನೋಡುತ್ತೇವೆ. ಹಾಗಾಗಿ ನಿಮ್ಮ ಉರಿ ಅರ್ಧ ಕಡಿಮೆಯಾಗುವುದು ಅಕ್ಷರ ದೊಡ್ಡದಾದಾಗ ಎಂಬುದು ನನ್ನ ಅಂದಾಜು, ಪರದೆ ಯಾವುದೇ ಇರಲಿ. ಕೋಣೆಯ ಬೆಳಕಿಗೆ ತಕ್ಕಂತೆ ಪರದೆಯ ಬೆಳಕು ತಗ್ಗಿಸಿ. ಆದರೂ ಉರಿ ನಿಲ್ಲದಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ, ಕನ್ನಡಕದ ನಂಬರು ಬದಲಾಗಿರಬಹುದು.

ಈಗ ನಿಮ್ಮ ಪ್ರಶ್ನೆಗೆ. ಓದುವುದು ಬಹುಪಾಲು ಕನ್ನಡ, ಅದರಲ್ಲೂ ಪಿಡಿಎಫ್ ಎಂದಿದ್ದೀರಿ. ಒಂದೇ ಸಾಧನ ಕೊಳ್ಳುವುದಾದರೆ 11 ಇಂಚಿನ ಸಾಮಾನ್ಯ ಟ್ಯಾಬ್ ತಗೊಳ್ಳಿ. ಉದ್ದನೆಯ, 16:10 ಅಳತೆಯ ಪರದೆಯನ್ನು ಸಿನಿಮಾ ನೋಡುವವರದ್ದು ಎಂದು ದೂರ ಇಡುವವರಿದ್ದಾರೆ. ನಿಲ್ಲಿಸಿ ಹಿಡಿದರೆ ಅದು ಸುಮಾರು 15ಕ್ಕೆ 23.5 ಸೆಂಟಿಮೀಟರ್. ಡೆಮಿ ಪುಟ ಇದ್ದ ಗಾತ್ರದಲ್ಲೇ ಕೂತು ಇನ್ನೂ ಜಾಗ ಉಳಿಯುತ್ತದೆ. ಅಂಗಡಿಗೆ ಹೋಗುವಾಗ ಮನೆಯಿಂದ ಒಂದು ಡೆಮಿ ಪುಸ್ತಕ ಒಯ್ದು ಪರದೆಯ ಮೇಲಿಟ್ಟು ನೋಡಿ. ಪೆಟ್ಟಿಗೆಯ ಮೇಲೆ 1920ಕ್ಕೆ 1200 ಪಿಕ್ಸೆಲ್ ಅಥವಾ ಅದಕ್ಕಿಂತ ಹೆಚ್ಚು ಎಂದಿರಬೇಕು. ಅದಕ್ಕಿಂತ ಕಡಿಮೆಯಾದರೆ ಒತ್ತಕ್ಷರ ಹಲ್ಲು ಹಲ್ಲಾಗಿ ಕಾಣುತ್ತದೆ. ಮೇಲೊಂದು ಮ್ಯಾಟ್ ಹಾಳೆ ಅಂಟಿಸಿದರೆ ಟ್ಯೂಬ್‌ಲೈಟಿನ ಪ್ರತಿಬಿಂಬ ತಗ್ಗುತ್ತದೆ.

ದುಡ್ಡಿಗೆ ತೊಂದರೆ ಇಲ್ಲ, ದಿನಕ್ಕೆ ಮೂರು ನಾಲ್ಕು ಗಂಟೆ ಓದುತ್ತೇನೆ ಎನ್ನುವವರು ಆಂಡ್ರಾಯ್ಡ್ ಇರುವ 10.3 ಇಂಚಿನ ಇ-ಇಂಕ್ ನೋಡಬಹುದು. ಪರದೆ ಸುಮಾರು 15.7ಕ್ಕೆ 20.9 ಸೆಂಟಿಮೀಟರ್, ಸ್ಕ್ಯಾನ್ ಪುಟಕ್ಕೆ ಹೇಳಿ ಮಾಡಿಸಿದ ಅಳತೆ. ಬೆಲೆಗೆ ಎರಡು ಮೂರು ಸಾಮಾನ್ಯ ಟ್ಯಾಬ್ ಬರುತ್ತವೆ. ಅಂಗಡಿಗಳಲ್ಲಿ ಇವು ಕಾಣುವುದು ಅಪರೂಪ, ಹಾಗಾಗಿ ಹಳೆಯ ಪೇಪರಿನಲ್ಲಿ ಆ ಅಳತೆಯ ತುಂಡು ಕತ್ತರಿಸಿ ಕೈಯಲ್ಲಿ ಹಿಡಿದು ನೋಡಿದ ಮೇಲೆ ತರಿಸಿ. ಬಣ್ಣದ ಇ-ಇಂಕ್‌ಗೆ ಆಸೆಪಡಬೇಡಿ. ಅದರ ಹಿನ್ನೆಲೆ ಇನ್ನಷ್ಟು ಬೂದು, ಹಳದಿಗಟ್ಟಿದ ಸ್ಕ್ಯಾನ್ ಅದರಲ್ಲಿ ಇನ್ನೂ ಮಂಕು.

ಈಗಾಗಲೇ 6 ಇಂಚಿನದು ಕೈಯಲ್ಲಿದ್ದರೆ ಬಿಸಾಡಬೇಡಿ. ಕಂಪ್ಯೂಟರಿನಲ್ಲಿ ಪಿಡಿಎಫ್‌ನ ಅಂಚುಗಳನ್ನು ಕತ್ತರಿಸಿ, ಸಾಧನವನ್ನು ಅಡ್ಡ ತಿರುಗಿಸಿ ಓದಿ. ಡೆಮಿ ಪುಟದಲ್ಲಿ ಅಚ್ಚಾದ ಭಾಗದ ಅಗಲ ಹತ್ತು-ಹನ್ನೊಂದು ಸೆಂಟಿಮೀಟರ್ ಅಷ್ಟೆ, ಅಡ್ಡ ಹಿಡಿದ ಪರದೆ 12. ಅಕ್ಷರ ಪುಸ್ತಕದ ಗಾತ್ರಕ್ಕೆ ಬರುತ್ತದೆ, ಒಂದು ಪುಟ ಎರಡು ತಿರುವಿನಲ್ಲಿ ಮುಗಿಯುತ್ತದೆ. ಪಠ್ಯವಿರುವ ಕಡತವಾದರೆ ಸಾಲುಗಳ ನಡುವಿನ ಅಂತರ ಹೆಚ್ಚಿಸಿ, ಒತ್ತಕ್ಷರಕ್ಕೆ ಉಸಿರಾಡಲು ಜಾಗ ಬೇಕು. ಒಂದು ಎಚ್ಚರಿಕೆ: ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ, ಯೂನಿಕೋಡ್ ಅಲ್ಲದ ಪಿಡಿಎಫ್‌ಗಳನ್ನು ಇಪಬ್‌ಗೆ, ಅಂದರೆ ಅಕ್ಷರ ದೊಡ್ಡದು ಮಾಡಬಹುದಾದ ಇ-ಪುಸ್ತಕದ ರೂಪಕ್ಕೆ, ಬದಲಾಯಿಸಲು ಹೋದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಅವನ್ನು ಪಿಡಿಎಫ್ ಆಗಿಯೇ ಓದಬೇಕು.

ದೊಡ್ಡ ಟ್ಯಾಬ್‌ನ ನಿಜವಾದ ತೊಂದರೆ ತೂಕ. ಅರ್ಧ ಕಿಲೋದ ಆಸುಪಾಸು, ಮಲಗಿ ಎದೆಯ ಮೇಲೆ ಹಿಡಿದರೆ ಹತ್ತು ನಿಮಿಷಕ್ಕೆ ಮಣಿಕಟ್ಟು ನೋಯುತ್ತದೆ. ಆಮೇಲೆ ಟ್ಯಾಬ್ ತಂದುಕೊಟ್ಟಾಗ ಅಮ್ಮನಿಗೂ ಈ ತೊಂದರೆ ಬಂತು. ಅವಳೇ ಪರಿಹಾರ ಹುಡುಕಿದಳು. ಅಟ್ಟದ ಮೇಲಿದ್ದ ಅಜ್ಜನ ವ್ಯಾಸಪೀಠ ಇಳಿಸಿ, ಧೂಳು ಒರೆಸಿ, ಟ್ಯಾಬನ್ನು ಅದರ ಮೇಲೆ ಒರಗಿಸಿಟ್ಟಳು. ಭಾರತ ಓದಲೆಂದು ಮಾಡಿಸಿದ ಮರದ ಪೀಠ, ಪುಸ್ತಕ ಕೂರುವ ಓರೆ ಟ್ಯಾಬ್‌ಗೂ ಸರಿಯಾಗಿದೆ. ಈಗ ಸಂಜೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು, ಎರಡೂ ಕೈ ಬಿಟ್ಟು, ಬರೀ ಬೆರಳ ತುದಿಯಿಂದ ಪುಟ ಸರಿಸುತ್ತ ಓದುತ್ತಾಳೆ.