ಮೀನಿಗೆ ಬಿದ್ದ ಬಿಸಿಲು ನಮಗೆ ಸಾಲದು

"ಮಲ್ಪೆಯಲ್ಲಿ ಮೀನು ಒಣಗಿಸುವಷ್ಟು ಬಿಸಿಲಿದೆ, ನಮ್ಮ ಸೊಸೆಗೆ ವಿಟಮಿನ್ ಡಿ ಕಮ್ಮಿ ಹೇಗಾಯಿತು? ಇದರಿಂದ ಬಿಪಿ ಏರುತ್ತದಂತೆ, ಹೌದಾ?" ಉಡುಪಿಯ ನಮ್ಮ ಪಕ್ಕದ ಮನೆಯವರು ರಕ್ತಪರೀಕ್ಷೆಯ ಚೀಟಿ ಹಿಡಿದು ಕೇಳಿದರು. ಸೊಸೆಗೆ ಏಳನೇ ತಿಂಗಳು.

ಬಿಸಿಲು ಮೀನಿಗೆ ಬಿದ್ದರೆ ಸಾಲದು, ಚರ್ಮಕ್ಕೆ ಬೀಳಬೇಕು. ಅತಿನೇರಳೆ ಬಿ ಕಿರಣ ತಾಗಿದಾಗಲೇ ಅಲ್ಲಿ ಡಿ ತಯಾರಾಗುವುದು. ಕಿಟಕಿಯ ಗಾಜು ಅದನ್ನು ಒಳಗೆ ಬಿಡುವುದಿಲ್ಲ. ಕಪ್ಪು ಚರ್ಮಕ್ಕೆ ಜಾಸ್ತಿ ಹೊತ್ತು ಬೇಕು. ಬೂತಾಯಿ, ಬಂಗುಡೆಯಲ್ಲೂ ಡಿ ಇದೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬಿಸಿಲೂ ಮೀನೂ ಒಟ್ಟಿಗೇ ಕಮ್ಮಿಯಾಗುವ ತಿಂಗಳುಗಳು ಅವು!

ಇನ್ನು ಬಿಪಿ. 20 ವಾರ ದಾಟಿದ ಮೇಲೆ ಅದು 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಕಂಡರೆ ಪ್ರಿಎಕ್ಲಾಂಪ್ಸಿಯಾ ಎನ್ನುತ್ತಾರೆ. ಹಲವು ಸಲ ಇದರ ಬೇರು ಮಾಸಿನಲ್ಲಿ, ಅಂದರೆ ಮಗುವಿಗೆ ಆಹಾರ ಒದಗಿಸುವ ಪ್ಲಾಸೆಂಟಾದಲ್ಲಿ ಇರುತ್ತದೆ. ಅದಕ್ಕೆ ರಕ್ತ ತರುವ ಗರ್ಭಕೋಶದ ಸಣ್ಣ ರಕ್ತನಾಳಗಳು ಅಗಲವಾಗಬೇಕಾದಷ್ಟು ಅಗಲವಾಗುವುದಿಲ್ಲ. ಆಗ ಮಾಸಿನಿಂದ ಹೊರಬೀಳುವ ವಸ್ತುಗಳು ತಾಯಿಯ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ.

ಇದಕ್ಕೂ ಡಿಗೂ ಏನು ನಂಟು? ಇಲಿಗಳಲ್ಲಿ ಡಿ, ಬಿಪಿ ಏರಿಸುವ ರೆನಿನ್ ಎಂಬ ವಸ್ತುವನ್ನು ತಗ್ಗಿಸುತ್ತದೆ. ಈ ತೊಂದರೆ ಬಂದ ಹೆಂಗಸರಲ್ಲಿ ಡಿ ಕಮ್ಮಿಯಿದ್ದದ್ದನ್ನು ಹಲವು ಅಧ್ಯಯನಗಳು ಕಂಡಿವೆ. ಆದರೆ ಜೊತೆಗಿದ್ದದ್ದೆಲ್ಲ ಕಾರಣವಲ್ಲ, ಅಲ್ವಾ? ದಪ್ಪ ಮೈಯವರಲ್ಲಿ ಡಿ ಕಮ್ಮಿ ಇರುತ್ತದೆ, ಬಿಪಿಯೂ ಜಾಸ್ತಿ. ಮಾತ್ರೆ ಕೊಟ್ಟು ನೋಡಿದ ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ತಂಡ 2019ರಲ್ಲಿ, ಅಪಾಯ ಬಹುಶಃ ಇಳಿಯುತ್ತದೆ ಎಂದಿತ್ತು. 2024ರಲ್ಲಿ ನಂಬಲಾಗದ ಪ್ರಯೋಗಗಳನ್ನು ಕೈಬಿಟ್ಟು ಮತ್ತೆ ನೋಡಿದಾಗ ಆ ಮಾತು ಗಟ್ಟಿಯಾಗಿ ನಿಲ್ಲಲಿಲ್ಲ. ಮೊದಲಿನ ಮಾತನ್ನು ಹೀಗೆ ತಾನೇ ಹಿಂದೆ ತೆಗೆದುಕೊಳ್ಳುವ ವಿಜ್ಞಾನ ನನಗೆ ಇಷ್ಟ.

"ಹಾಗಾದರೆ ಡಿ ಮಾತ್ರೆ ಬೇಡವಾ?" ಕೊರತೆ ಇದ್ದರೆ ಬೇಕು, ಎಲುಬಿಗಾಗಿ, ಡಾಕ್ಟರ್ ಹೇಳಿದಷ್ಟು. ಅದು ಬಿಪಿ ಕಾಯುತ್ತದೆ ಎಂದು ಸುಮ್ನೆ ಕೂರಬಾರದು. ಅಪಾಯ ಜಾಸ್ತಿ ಇರುವವರಿಗೆ ಡಾಕ್ಟರ್ 16 ವಾರದೊಳಗೇ ಕಡಿಮೆ ಪ್ರಮಾಣದ ಆಸ್ಪಿರಿನ್ ಶುರುಮಾಡುತ್ತಾರೆ. ಅದಕ್ಕೆ ಪುರಾವೆ ಗಟ್ಟಿ. ತೀರಾ ತಲೆನೋವು, ಕಣ್ಣು ಮಂಜು, ಬಲ ಪಕ್ಕೆಲುಬಿನ ಕೆಳಗೆ ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಅತ್ತೆ ಒಳಗೆ ಹೋಗಿ ತಾಯಿ ಕಾರ್ಡ್ ತಂದರು. ಕಳೆದ ಸಲದ ಬಿಪಿ 118/76. "ಮುಂದಿನದು ಯಾವಾಗ?" ಎಂದು ಸೊಸೆಯನ್ನು ಕೂಗಿ ಕೇಳಿದರು.