ಪರದೆಯ ಮೇಲಿನ ಕಪ್ಪು ಮಚ್ಚೆ: ಕ್ಯಾಮೆರಾ ಬ್ಯಾಗನ್ನು ಎಕ್ಸ್-ರೇ ನೋಡುವ ಬಗೆ

ಬೆಲ್ಟ್ ನಿಂತಿತು. ನನ್ನ ಬ್ಯಾಗ್ ಇದ್ದ ಟ್ರೇ ಒಂದಡಿ ಹಿಂದಕ್ಕೆ ಸರಿಯಿತು, ಮತ್ತೆ ಮುಂದಕ್ಕೆ ಬಂತು, ಮತ್ತೆ ಹಿಂದಕ್ಕೆ ಹೋಯಿತು. ಕ್ಯಾಮೆರಾ ಹೊತ್ತು ವಿಮಾನ ಹತ್ತುವವರಿಗೆ ಈ ತೂಗಾಟದ ಅರ್ಥ ಚೆನ್ನಾಗಿ ಗೊತ್ತು. ಪರದೆಯ ಮುಂದೆ ಕುಳಿತಿದ್ದ ಅಧಿಕಾರಿ ಕತ್ತು ಚಾಚಿ ನೋಡಿದರು, ಪಕ್ಕದವರನ್ನು ಕರೆದರು. "ಈ ಬ್ಯಾಗ್ ಯಾರದು?" ನಾನು ಕೈ ಎತ್ತಿದೆ. ಮುಂದಿನ ಇಪ್ಪತ್ತು ನಿಮಿಷ ಲೆನ್ಸುಗಳು ಒಂದೊಂದಾಗಿ ಮೇಜಿನ ಮೇಲೆ ಬಂದವು. ಪ್ರತಿಯೊಂದರ ಎರಡೂ ಮುಚ್ಚಳ ತೆಗೆದು, ದೀಪದ ಕಡೆ ಹಿಡಿದು, ಆಚೆ ಬದಿಯ ಬೆಳಕು ಈಚೆ ಕಾಣುತ್ತದೆಯೇ ಎಂದು ನೋಡಿ ಪಕ್ಕಕ್ಕಿಟ್ಟರು. ಎಲ್ಲ ಮುಗಿದ ಮೇಲೆ, "ಯಾಕೆ ನಿಲ್ಲಿಸಿದ್ವಿ ಅಂತ ನೀವೇ ನೋಡಿ" ಎಂದು ಪರದೆಯನ್ನು ನನ್ನತ್ತ ತುಸು ತಿರುಗಿಸಿದರು.

ಕಿತ್ತಳೆ ಬಣ್ಣದ ಮಬ್ಬಿನೊಳಗೆ ಒಂದರೊಳಗೊಂದು ಕಡುನೀಲಿ ಬಳೆಗಳು. ಅವುಗಳ ನಟ್ಟನಡುವೆ ದುಂಡಗಿನ, ಮಸಿ ಬಳಿದಂತಹ ಕಪ್ಪು ಮಚ್ಚೆ. ಜಾಗ ಉಳಿಯಲೆಂದು ನಾನು ಬ್ಯಾಗಿನಲ್ಲಿ ನೆಟ್ಟಗೆ ನಿಲ್ಲಿಸಿದ್ದ ಟೆಲಿ ಲೆನ್ಸ್ ಅದು. ಕಿರಣಗಳು ಲೆನ್ಸಿನ ಉದ್ದಕ್ಕೂ ಹಾದು ಬರಬೇಕಾಗಿ ಬಂದು, ಹತ್ತಿಪ್ಪತ್ತು ಗಾಜಿನ ಬಿಲ್ಲೆಗಳನ್ನು ಸಾಲಾಗಿ ದಾಟುವಷ್ಟರಲ್ಲಿ ಪೂರ್ತಿ ಅಡಗಿಹೋಗಿದ್ದವು. ಅಲ್ಲಿ ಏನಿದೆ ಎಂದು ಯಂತ್ರ ಹೇಳುತ್ತಿರಲಿಲ್ಲ, ಅಲ್ಲಿ ತನಗೆ ಏನೂ ಕಾಣುತ್ತಿಲ್ಲ ಎಂದಷ್ಟೇ ಹೇಳುತ್ತಿತ್ತು. ಕಾಣದ ಜಾಗವನ್ನು ತೆರೆದು ನೋಡದೆ ಬಿಡುವಂತಿಲ್ಲ. ಅಂದಿನಿಂದ ತಪಾಸಣೆಯ ಬಗ್ಗೆ ನನಗಿದ್ದ ಸಿಟ್ಟು ಇಳಿದು, ಕುತೂಹಲ ಶುರುವಾಯಿತು.

ಗಾಜು ಪಾರದರ್ಶಕ ಅನ್ನುವುದು ನಮ್ಮ ಕಣ್ಣಿನ ಮಾತು. ಎಕ್ಸ್-ರೇಗೆ ಲೆಕ್ಕವೇ ಬೇರೆ. ಅದು ನೋಡುವುದು ವಸ್ತುವಿನ ದಪ್ಪ, ಸಾಂದ್ರತೆ ಮತ್ತು ಪರಮಾಣು ಸಂಖ್ಯೆಗಳನ್ನು. ಕಡಿಮೆ ಶಕ್ತಿಯ ಎಕ್ಸ್-ರೇಯನ್ನು ವಸ್ತು ಹೀರಿಕೊಳ್ಳುವ ಪ್ರಮಾಣ ಹೆಚ್ಚುಕಡಿಮೆ ಪರಮಾಣು ಸಂಖ್ಯೆಯ ಘನದಂತೆ ಏರುತ್ತದೆ. ಕಿಟಕಿ ಗಾಜಿನ ಮುಖ್ಯ ಧಾತು ಸಿಲಿಕಾನ್, ಅದರ ಸಂಖ್ಯೆ 14. ಒಳ್ಳೆಯ ಲೆನ್ಸಿನ ಗಾಜಿಗೆ ಬೆಳಕನ್ನು ಹೆಚ್ಚು ಬಾಗಿಸುವ ಗುಣ ಬರಲೆಂದು ಲ್ಯಾಂಥನಮ್ ಬೆರೆಸುತ್ತಾರೆ, ಅದರ ಸಂಖ್ಯೆ 57. ನಾಲ್ಕು ಪಟ್ಟು ದೊಡ್ಡ ಸಂಖ್ಯೆ, ಅಂದರೆ ಅಷ್ಟೇ ತೂಕಕ್ಕೆ ಅರುವತ್ತು ಪಟ್ಟಿನ ಆಸುಪಾಸು ಹೆಚ್ಚು ಹೀರಿಕೆ. ಚಿತ್ರ ಸ್ಪಷ್ಟವಾಗಿ ಬರಲೆಂದು ನಾವು ದುಡ್ಡು ಸುರಿದು ಕೊಳ್ಳುವ ಗಾಜೇ ಎಕ್ಸ್-ರೇ ಪಾಲಿಗೆ ಗೋಡೆಯಾಗುತ್ತದೆ. ಕಳೆದ ಶತಮಾನದ ನಡುಗಾಲದ ಕೆಲವು ಲೆನ್ಸುಗಳ ಗಾಜಿನಲ್ಲಿ ಥೋರಿಯಮ್ ಇರುತ್ತಿತ್ತು. ಅದರ ಸಂಖ್ಯೆ 90. ಅವು ಎಕ್ಸ್-ರೇಯನ್ನು ತಡೆಯುವುದಷ್ಟೇ ಅಲ್ಲ, ತಾವೇ ಅಲ್ಪಸ್ವಲ್ಪ ವಿಕಿರಣ ಸೂಸುತ್ತವೆ. ಹಳೆಯ ಲೆನ್ಸುಗಳ ಮೋಹ ಇರುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಪರದೆಯ ಬಣ್ಣಗಳು ವಸ್ತುಗಳ ಸ್ವಂತ ಬಣ್ಣಗಳಲ್ಲ. ಯಂತ್ರ ಒಂದೇ ಸಲಕ್ಕೆ ಕಡಿಮೆ ಶಕ್ತಿಯ ಮತ್ತು ಹೆಚ್ಚು ಶಕ್ತಿಯ ಎರಡು ನೆರಳುಗಳನ್ನು ಅಳೆಯುತ್ತದೆ. ಎರಡರ ನಡುವಿನ ವ್ಯತ್ಯಾಸದಿಂದ ಅಡ್ಡ ಬಂದ ವಸ್ತು ಹಗುರ ಧಾತುಗಳದೋ ಭಾರದ್ದೋ ಎಂದು ಅಂದಾಜು ಮಾಡಿ ಬಣ್ಣ ತುಂಬುತ್ತದೆ. ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕ ಹೆಚ್ಚಿರುವ ವಸ್ತುಗಳು ಕಿತ್ತಳೆ: ಬಟ್ಟೆ, ಪುಸ್ತಕ, ಆಹಾರ, ಪ್ಲಾಸ್ಟಿಕ್. ಸ್ಫೋಟಕಗಳೂ ಇದೇ ಗುಂಪಿನವು. ಅಲ್ಯೂಮಿನಿಯಮ್‌ನಂತಹ ನಡುವಿನವು ಹಸಿರು. ಕಬ್ಬಿಣ, ತಾಮ್ರ, ಹಿತ್ತಾಳೆ ನೀಲಿ. ಯಾವುದೂ ದಾಟದ ಜಾಗ ಕಪ್ಪು. ಕಾರ್ಬನ್ ಫೈಬರ್ ಟ್ರೈಪಾಡಿನ ಕಾಲುಗಳು ಈ ಲೆಕ್ಕದಲ್ಲಿ ತೆಳು ಕಿತ್ತಳೆಯ ಕೊಳವೆಗಳಾಗಿ ಕಾಣುತ್ತವೆ, ಮೇಲಿನ ಲೋಹದ ಹೆಡ್ ಮಾತ್ರ ಎದ್ದು ಕಾಣುತ್ತದೆ.

ಈಗ ನಮ್ಮ ಬ್ಯಾಗಿನೊಳಗೆ ಇಣುಕಿ ನೋಡಿ. ಕ್ಯಾಮೆರಾದ ಲೋಹದ ಚೌಕಟ್ಟು, ಅದರ ಬೆನ್ನಿಗೆ ಬ್ಯಾಟರಿಗಳ ಕಟ್ಟು, ಮೇಲೆ ಸುರುಳಿ ಸುತ್ತಿದ ಚಾರ್ಜರ್ ತಂತಿ, ಪಕ್ಕದಲ್ಲಿ ಫ್ಲ್ಯಾಶ್, ಅದರೊಳಗೆ ಗುಳಿಗೆಯಾಕಾರದ ದೊಡ್ಡ ಕೆಪಾಸಿಟರ್. ಎಲ್ಲದರ ನೆರಳೂ ಒಂದೇ ಸಮತಲದ ಮೇಲೆ ಬೀಳುತ್ತದೆ. ಹಾಳೆಯ ಮೇಲೆ ಹತ್ತು ಜನ ಒಬ್ಬರ ಮೇಲೊಬ್ಬರು ಬರೆದರೆ ಓದುವುದು ಹೇಗೋ ಹಾಗೆ. ಬ್ಯಾಟರಿ, ತಂತಿ, ಟೈಮರ್, ಸರ್ಕ್ಯೂಟ್ ಬೋರ್ಡ್, ಏನೆಂದು ತಿಳಿಯದ ಒಂದು ದಟ್ಟ ಗಟ್ಟಿ: ಛಾಯಾಗ್ರಾಹಕನ ಬ್ಯಾಗಿನಲ್ಲಿ ಸಹಜವಾಗಿ ಇರುವ ಇವೇ ಬಿಡಿಭಾಗಗಳನ್ನು ಹುಡುಕಲು ಅಧಿಕಾರಿಗಳಿಗೆ ತರಬೇತಿ ಕೊಟ್ಟಿರುತ್ತಾರೆ. ನಾನು ಈಗ ಲೆನ್ಸುಗಳನ್ನು ಮಲಗಿಸಿ ಇಡುತ್ತೇನೆ, ಬ್ಯಾಟರಿಗಳನ್ನು ಒಂದೇ ಕಡೆ ಪೇರಿಸದೆ ಹರಡುತ್ತೇನೆ, ತಂತಿಗಳನ್ನೆಲ್ಲ ಬೇರೆ ಚೀಲಕ್ಕೆ ಹಾಕಿ ಟ್ರೇಯಲ್ಲಿ ಪ್ರತ್ಯೇಕ ಇಡುತ್ತೇನೆ. ಬ್ಯಾಗನ್ನು ಪಕ್ಕಕ್ಕೆ ತೆಗೆಯುವುದು ಪೂರ್ತಿ ನಿಂತಿಲ್ಲ, ಆದರೆ ಗಣನೀಯವಾಗಿ ಕಡಿಮೆಯಾಗಿದೆ.

ಇದನ್ನು ಅತಿಯಾದ ಅನುಮಾನ ಎನ್ನುವವರಿಗೆ ಎರಡು ಘಟನೆ ನೆನಪಿಸಬೇಕು. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್‌ಬಿಯ ಮೇಲೆ ಪ್ಯಾನ್ ಆಮ್ 103 ವಿಮಾನ ಸಿಡಿದು 270 ಜನ ಸತ್ತರು. ಬಾಂಬ್ ಇದ್ದದ್ದು ಸೂಟ್‌ಕೇಸಿನೊಳಗಿನ ಒಂದು ರೇಡಿಯೊ ಕ್ಯಾಸೆಟ್ ಪ್ಲೇಯರಿನಲ್ಲಿ. 2001ರ ಸೆಪ್ಟೆಂಬರ್ 9ರಂದು ಅಫ್ಘಾನಿಸ್ತಾನದಲ್ಲಿ ತಾಲಿಬಾನ್ ವಿರೋಧಿ ನಾಯಕ ಅಹ್ಮದ್ ಶಾ ಮಸೂದ್ ಅವರನ್ನು ಕೊಂದವರು ಟಿವಿ ಪತ್ರಕರ್ತರ ವೇಷದಲ್ಲಿ ಸಂದರ್ಶನಕ್ಕೆಂದು ಬಂದಿದ್ದರು. ಸ್ಫೋಟಕವನ್ನು ಅಡಗಿಸಿದ್ದು ಅವರು ತಂದಿದ್ದ ಕ್ಯಾಮೆರಾ ಸಲಕರಣೆಯಲ್ಲೇ.

ಇನ್ನು ಪರದೆಯ ಮುಂದಿನ ಕಣ್ಣು. ಅಪರೂಪಕ್ಕೆ ಬರುವ ವಸ್ತುವನ್ನು ಹುಡುಕುವುದರಲ್ಲಿ ಮನುಷ್ಯನ ಕಣ್ಣು ನಂಬಿಕಸ್ಥವಲ್ಲ. ಮನೋವಿಜ್ಞಾನಿ ಜೆರೆಮಿ ವುಲ್ಫ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಅಂಕಿಗಳಲ್ಲಿ ತೋರಿಸಿತು. ಹುಡುಕುವ ವಸ್ತು ಅರ್ಧದಷ್ಟು ಚಿತ್ರಗಳಲ್ಲಿ ಇದ್ದಾಗ ಜನ ಶೇ. 7ರಷ್ಟನ್ನು ಮಾತ್ರ ಕಾಣದೆ ಬಿಟ್ಟರು. ಅದೇ ವಸ್ತು ನೂರಕ್ಕೆ ಒಂದು ಚಿತ್ರದಲ್ಲಿ ಮಾತ್ರ ಇದ್ದಾಗ ತಪ್ಪಿದ್ದು ಶೇ. 30. ಏನೂ ಇಲ್ಲ, ಏನೂ ಇಲ್ಲ ಎಂದು ನೋಡುತ್ತ ಹೋದಂತೆ ಮಿದುಳು ಬೇಗ ಬೇಗ "ಇಲ್ಲ" ಎಂದುಬಿಡುತ್ತದೆ. ಇದಕ್ಕೆ ಮದ್ದಾಗಿ ಅನೇಕ ಯಂತ್ರಗಳು ನಿಜವಾದ ಬ್ಯಾಗಿನ ಚಿತ್ರದ ಮೇಲೆ ಆಗಾಗ ಸುಳ್ಳು ಬಂದೂಕು, ಸುಳ್ಳು ಬಾಂಬುಗಳ ಚಿತ್ರ ಕೂಡಿಸಿ ತೋರಿಸುತ್ತವೆ, ಅಧಿಕಾರಿಯ ಗಮನ ಮಂಕಾಗದಿರಲೆಂದು. ನಮ್ಮ ಬ್ಯಾಗಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತ ಕಣ್ಣು ತನ್ನ ಕೆಲಸ ಮಾಡುತ್ತಿದೆ ಎಂದೇ ನಾನು ಈಗ ತಿಳಿಯುತ್ತೇನೆ.

ಬ್ಯಾಗ್ ಪಕ್ಕಕ್ಕೆ ಹೋದ ಮೇಲೆ ಕ್ಯಾಮೆರಾವನ್ನು ಪುಟ್ಟ ಬಟ್ಟೆಯ ಚೂರಿನಿಂದ ಒರೆಸಿ, ಆ ಚೂರನ್ನು ಒಂದು ಪೆಟ್ಟಿಗೆಗೆ ತುರುಕುತ್ತಾರಲ್ಲ, ಅದರಲ್ಲಿ ನಡೆಯುವುದು ಒಂದು ಓಟದ ಪಂದ್ಯ. ಚೂರನ್ನು ಬಿಸಿ ಮಾಡಿದಾಗ ಅಂಟಿದ್ದ ಕಣಗಳು ಆವಿಯಾಗಿ, ವಿದ್ಯುದಾವೇಶ ಪಡೆದು, ವಿದ್ಯುತ್ ಕ್ಷೇತ್ರವಿರುವ ಕೊಳವೆಯಲ್ಲಿ ಎದುರು ಬೀಸುವ ಗಾಳಿಗೆ ಇದಿರಾಗಿ ಓಡುತ್ತವೆ. ಚಿಕ್ಕ ಅಯಾನುಗಳು ಮುಂಚೆ ತಲುಪುತ್ತವೆ, ದೊಡ್ಡವು ತಡವಾಗಿ. ಆ ಕೆಲವು ಮಿಲಿಸೆಕೆಂಡುಗಳ ಹೊತ್ತನ್ನು ಅಳೆದು ಸ್ಫೋಟಕಗಳ ಪಟ್ಟಿಯೊಡನೆ ತಾಳೆ ನೋಡುತ್ತಾರೆ. ಗ್ರಾಮಿನ ನೂರು ಕೋಟಿಯ ಒಂದು ಭಾಗದಷ್ಟು ಇದ್ದರೂ ಸಾಕು. ಇಷ್ಟು ಸೂಕ್ಷ್ಮವಾಗಿರುವುದರಿಂದಲೇ ಸುಳ್ಳು ಎಚ್ಚರಿಕೆಯೂ ಬರುತ್ತದೆ. ಗ್ಲಿಸರಿನ್ ಇರುವ ಕೈಗೆ ಹಚ್ಚುವ ಕ್ರೀಮು, ಹೃದಯರೋಗಕ್ಕೆ ಕೊಡುವ ನೈಟ್ರೋಗ್ಲಿಸರಿನ್ ಮಾತ್ರೆ, ಹೊಲದ ನೈಟ್ರೇಟ್ ಗೊಬ್ಬರ ಇವೆಲ್ಲ ಯಂತ್ರವನ್ನು ಎಬ್ಬಿಸಬಲ್ಲವು. ಹೊಲ ಗದ್ದೆಗಳಲ್ಲಿ ಹಕ್ಕಿಗಳ ಚಿತ್ರ ತೆಗೆದು ನೇರವಾಗಿ ವಿಮಾನಕ್ಕೆ ಹೋಗುವವರು ಟ್ರೈಪಾಡಿನ ಕಾಲನ್ನು ತೊಳೆದು ಒರೆಸಿಕೊಂಡರೆ ಒಳ್ಳೆಯದು.

ಬಿಡಿ ಬ್ಯಾಟರಿಗಳನ್ನು ಚೆಕ್-ಇನ್ ಸಾಮಾನಿಗೆ ಹಾಕದೆ ಕೈಬ್ಯಾಗಿನಲ್ಲೇ ಒಯ್ಯಬೇಕು ಎಂಬ ನಿಯಮ ಕೇಳಿದರೆ ವಿಚಿತ್ರ ಎನಿಸುತ್ತದೆ. ಬೆಂಕಿ ಹತ್ತಬಹುದು ಎಂಬ ಭಯ ಇದ್ದರೆ, ಅದನ್ನು ಪ್ರಯಾಣಿಕರ ನಡುವೆಯೇ ಇಡಿ ಎನ್ನುವುದೇಕೆ? ಉತ್ತರ ಇರುವುದು ಲಿಥಿಯಂ ಅಯಾನ್ ಬ್ಯಾಟರಿಯ ರಸಾಯನದಲ್ಲಿ. ಒಳಗೆ ಶಾರ್ಟ್ ಆಗಿ ಒಂದು ಕೋಶ ಬಿಸಿಯಾದರೆ, ಆ ಶಾಖ ಇನ್ನಷ್ಟು ಶಾಖ ಹುಟ್ಟಿಸುವ ಕ್ರಿಯೆಗಳನ್ನು ಚುರುಕುಗೊಳಿಸುತ್ತದೆ, ಪಕ್ಕದ ಕೋಶವೂ ಕಾದು ಸಿಡಿಯುತ್ತದೆ. ಸರಕಿನ ಕೋಣೆಯಲ್ಲಿ ಬೆಂಕಿ ನಂದಿಸಲು ಇರುವ ಹ್ಯಾಲಾನ್ ಅನಿಲ ಹೊರಗಿನ ಜ್ವಾಲೆಯನ್ನು ಅಡಗಿಸೀತು, ಒಳಗಿನ ಈ ಸರಪಳಿಯನ್ನು ತುಂಡರಿಸಲಾರದು. ಅದಕ್ಕೆ ನೀರು ಸುರಿದು ತಣಿಸಬೇಕು, ಸುರಿಯಲು ಅಲ್ಲಿ ಯಾರಾದರೂ ಇರಬೇಕು. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಬೋಯಿಂಗ್ 747 ಸರಕು ವಿಮಾನವೊಂದು ಲಿಥಿಯಂ ಬ್ಯಾಟರಿಗಳ ಹೊರೆಗೆ ಬೆಂಕಿ ಹತ್ತಿ ನೆಲಕ್ಕೆ ಬಿತ್ತು. ಇಬ್ಬರು ಪೈಲಟ್‌ಗಳೂ ಉಳಿಯಲಿಲ್ಲ.

ಹಾಗಾಗಿ ಬಿಡಿ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಕೈಯಲ್ಲಿನ ಬ್ಯಾಗಿನಲ್ಲೇ ಇರಬೇಕು. ಮಿತಿ ಇರುವುದು ವ್ಯಾಟ್-ಅವರ್‌ನಲ್ಲಿ: ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಸಿಗುವ ಅಂಕಿ. 7.2 ವೋಲ್ಟ್, 2,280 ಮಿಲಿಆಂಪಿಯರ್-ಅವರ್ ಎಂದು ಬರೆದಿರುವ ಕ್ಯಾಮೆರಾ ಬ್ಯಾಟರಿ 16.4 ವ್ಯಾಟ್-ಅವರ್ ಆಯಿತು. 100ರೊಳಗೆ ಇದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. 100ರಿಂದ 160ರ ನಡುವಿನವಕ್ಕೆ ವಿಮಾನಸಂಸ್ಥೆಯ ಒಪ್ಪಿಗೆ ಬೇಕು, ಅದೂ ಬಿಡಿಯಾಗಿ ಎರಡೇ. ಅದಕ್ಕೂ ದೊಡ್ಡದನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ವಿಡಿಯೊದವರು ಬಳಸುವ ದೊಡ್ಡ ಬ್ಯಾಟರಿಗಳ ಮೇಲೆ 98 ಎಂಬ ಅಂಕಿ ಅಷ್ಟೊಂದು ಕಾಣುವುದು ಇದೇ ಕಾರಣಕ್ಕೆ. ಪ್ರತಿ ಬ್ಯಾಟರಿಯ ಲೋಹದ ತುದಿಗೆ ಮುಚ್ಚಳ ಹಾಕಿ, ಇಲ್ಲವೇ ಟೇಪ್ ಅಂಟಿಸಿ. ಜೇಬಿನ ಕೀಲಿಕೈ ಗೊಂಚಲು ಸಾಕು, ಶಾರ್ಟ್ ಆಗಲು.

ಎಕ್ಸ್-ರೇಯಿಂದ ಮೆಮೊರಿ ಕಾರ್ಡಿನ ಚಿತ್ರಗಳು ಅಳಿಸಿಹೋಗುತ್ತವೆ ಎಂಬ ಅಂಜಿಕೆ ಹಲವರಿಗಿದೆ. ಆ ಪ್ರಮಾಣದ ಕಿರಣ ಕಾರ್ಡಿಗೂ ಸೆನ್ಸರಿಗೂ ಏನೂ ಮಾಡದು. ಸೆನ್ಸರಿನ ಸಿಲಿಕಾನ್ ಹರಳಿನಲ್ಲಿ ಪರಮಾಣುವನ್ನೇ ಜಾಗದಿಂದ ಕದಲಿಸಿ ಬಿಳಿ ಚುಕ್ಕೆ ಉಳಿಸಬಲ್ಲವು ಬೇರೆ ಇವೆ: ಹತ್ತು ಕಿಲೋಮೀಟರ್ ಎತ್ತರದಲ್ಲಿ ವಿಮಾನದ ಗೋಡೆ ತೂರಿ ಬರುವ ಕಾಸ್ಮಿಕ್ ಕಿರಣಗಳ ನ್ಯೂಟ್ರಾನುಗಳು. ಅವಕ್ಕೆ ಯಾವ ತಪಾಸಣೆಯೂ ಇಲ್ಲ.

ನಿಜಕ್ಕೂ ನೋಯುವುದು ಫಿಲ್ಮ್. ಇತ್ತೀಚೆಗೆ ಮತ್ತೆ ಫಿಲ್ಮ್ ಕೈಗೆತ್ತಿಕೊಂಡ ಹೊಸಬರು ಬಹಳ ಜನ ಇದ್ದಾರೆ, ಅವರಿಗಾಗಿ ಇದನ್ನು ಬಿಡಿಸಿ ಹೇಳಬೇಕು. ಫಿಲ್ಮಿನ ಮೇಲಿನ ಲೇಪದಲ್ಲಿ ಸಿಲ್ವರ್ ಹ್ಯಾಲೈಡಿನ ಸೂಕ್ಷ್ಮ ಹರಳುಗಳಿವೆ. ಸಾಧಾರಣ ಬೆಳಕಾದರೆ, ಒಂದು ಹರಳು ಎಚ್ಚರಗೊಳ್ಳಲು ಹಲವು ಫೋಟಾನುಗಳು ಬೀಳಬೇಕು. ಆಗ ನಾಲ್ಕಾರು ಬೆಳ್ಳಿ ಪರಮಾಣುಗಳು ಒಂದೆಡೆ ಕೂಡಿ, ಡೆವಲಪ್ ಮಾಡಿದಾಗ ಹರಳು ಪೂರ್ತಿ ಕಪ್ಪಾಗುತ್ತದೆ. ಎಕ್ಸ್-ರೇಯ ಒಂದೇ ಫೋಟಾನು ಇದಕ್ಕೆ ಧಾರಾಳ ಸಾಕು, ಅದರ ಶಕ್ತಿ ಅಷ್ಟು ಹೆಚ್ಚು. ಫಿಲ್ಮು ಬೆಳಕಿಗೆ ಎಷ್ಟು ಚುರುಕು ಎಂದು ಹೇಳುವ ಐಎಸ್‌ಒ ಸಂಖ್ಯೆ ಏರಿದಂತೆ ಹರಳುಗಳೂ ದೊಡ್ಡವು, ಕಿರಣ ತಾಗುವ ಸಂಭವವೂ ಹೆಚ್ಚು. ಅಲ್ಲದೆ ಹಾನಿ ಕೂಡುತ್ತ ಹೋಗುತ್ತದೆ. ಹೋಗುವಾಗಿನ ಒಂದು ತಪಾಸಣೆ, ಬರುವಾಗಿನ ಎರಡು, ನಡುವೆ ವಿಮಾನ ಬದಲಿಸಿದ್ದು, ಎಲ್ಲವೂ ಅದೇ ರೋಲಿನ ಮೇಲೆ ಜಮೆ.

ಹಳೆಯ ಯಂತ್ರಗಳು ಬ್ಯಾಗಿಗೆ ಒಂದು ತೆಳು ಕಿರಣದ ಪಟ್ಟಿ ಹಾಯಿಸುತ್ತಿದ್ದವು. ಐಎಸ್‌ಒ 400ರ ರೋಲು ಒಂದೆರಡು ಸಲ ದಾಟಿದರೂ ಕಣ್ಣಿಗೆ ಕಾಣುವ ಹಾನಿ ಆಗುತ್ತಿರಲಿಲ್ಲ. ಈಗ ಕೈಬ್ಯಾಗಿಗೂ ಸಿಟಿ ಸ್ಕ್ಯಾನರ್ ಬರುತ್ತಿದೆ. 1971ರಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಮಿದುಳಿನ ಒಳಚಿತ್ರ ತೆಗೆಯಲು ಬಳಸಿದ, 1979ರ ನೊಬೆಲ್ ಪಡೆದ ತಂತ್ರವೇ ಇದು: ಬ್ಯಾಗಿನ ಸುತ್ತ ಕಿರಣಮೂಲ ತಿರುಗುತ್ತ ಎಲ್ಲ ಕೋನಗಳಿಂದ ನೋಡಿ, ಒಳಗಿರುವುದನ್ನು ಪದರ ಪದರವಾಗಿ ಬಿಡಿಸಿಡುತ್ತದೆ. ನನ್ನ ಕಪ್ಪು ಮಚ್ಚೆಯ ತಕರಾರು ಇದರಿಂದ ಬಹುಪಾಲು ಬಗೆಹರಿಯುತ್ತದೆ, ಕ್ಯಾಮೆರಾ ಹೊರಗೆ ತೆಗೆಯುವ ಕೆಲಸವೂ ಅನೇಕ ಕಡೆ ತಪ್ಪಿದೆ. ಆದರೆ ಎಲ್ಲ ಕೋನಗಳಿಂದ ನೋಡುವುದೆಂದರೆ ಎಲ್ಲ ಕೋನಗಳಿಂದ ಕಿರಣ ಬೀಳಿಸುವುದು. ಫಿಲ್ಮನ್ನು ಸಿಟಿ ಯಂತ್ರಕ್ಕೆ ಕೊಡಬೇಡಿ ಎಂದು ಕೊಡಕ್ ಕಂಪನಿಯೇ ಹೇಳುತ್ತದೆ. ಚೆಕ್-ಇನ್ ಸಾಮಾನಿನಲ್ಲಂತೂ ಎಂದಿಗೂ ಇಡಬಾರದು. ಸೀಸದ ಚೀಲಕ್ಕೆ ಹಾಕಿದರೆ ಪರದೆಯಲ್ಲಿ ಕಪ್ಪು ಗಟ್ಟಿಯಾಗಿ ಕಂಡು ಬ್ಯಾಗನ್ನು ಹೇಗೂ ತೆರೆಸುತ್ತಾರೆ.

ನನ್ನ ಒಂದು ರೋಲು ಹೀಗೆ ಹೋಯಿತು. ಐಎಸ್‌ಒ 3200ರ ಕಪ್ಪುಬಿಳುಪು, ಹಬ್ಬದ ರಾತ್ರಿ ದೀಪದ ಬೆಳಕಿನಲ್ಲಿ ಅಜ್ಜಿಯ ಮುಖಗಳು. ಕೈಯಿಂದ ಪರೀಕ್ಷಿಸಿ ಎಂದು ಬೇಡಿಕೊಂಡೆ, ಯಂತ್ರ ಫಿಲ್ಮಿಗೆ ಏನೂ ಮಾಡುವುದಿಲ್ಲ ಎಂದು ಬೆಲ್ಟಿಗೆ ಹಾಕಿದರು. ಡೆವಲಪ್ ಮಾಡಿದ ಮೇಲೆ ಕತ್ತಲೆ ಕತ್ತಲೆಯಾಗಿ ಉಳಿದಿರಲಿಲ್ಲ, ಎಲ್ಲೆಡೆ ಬೂದು ಹೊಗೆ, ಅದರೊಳಗೆ ಫ್ರೇಮಿನಿಂದ ಫ್ರೇಮಿಗೆ ಮರುಕಳಿಸುವ ತಿಳಿ ಅಲೆ. ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಆಮೇಲೆ ಹೊಳೆಯಿತು, ಫಿಲ್ಮ್ ಕೆಟ್ಟದ್ದಲ್ಲ, ತನಗೆ ಗೊತ್ತಿದ್ದನ್ನೇ ಮಾಡಿದೆ ಎಂದು. ರಾಂಟ್‌ಜೆನ್ ತಾನು ಕಂಡ ಹೊಸ ಕಿರಣವನ್ನು ಜಗತ್ತಿಗೆ ತೋರಿಸಿದ್ದು 1895ರ ಡಿಸೆಂಬರಿನಲ್ಲಿ ಫೋಟೋ ಫಲಕದ ಮೇಲೆ ಮೂಡಿದ ಹೆಂಡತಿಯ ಕೈಮೂಳೆಗಳಿಂದ, ಬೆರಳಿನ ಉಂಗುರದಿಂದ. ಎಕ್ಸ್-ರೇಯನ್ನು ಬರೆದಿಟ್ಟುಕೊಳ್ಳುವ ಕೆಲಸವನ್ನು ಫಿಲ್ಮು ಅಂದೇ ಕಲಿತಿತ್ತು.

ಈಗ ರೋಲುಗಳನ್ನು ಡಬ್ಬಿಯಿಂದ ತೆಗೆದು ಪಾರದರ್ಶಕ ಚೀಲದಲ್ಲಿ ಇಡುತ್ತೇನೆ, ಸಾಲು ಉದ್ದವಾಗುವ ಮೊದಲೇ ಬಂದು, ಬ್ಯಾಗ್ ಬೆಲ್ಟಿಗೆ ಹೋಗುವ ಮುನ್ನ ಕೇಳುತ್ತೇನೆ. ಕೆಲವೆಡೆ ಒಂದೊಂದೇ ರೋಲನ್ನು ಆ ಬಟ್ಟೆ ಚೂರಿನಿಂದ ಒರೆಸಿ ನಗುತ್ತ ಕೊಡುತ್ತಾರೆ, ಕೆಲವೆಡೆ ಆಗದು ಎನ್ನುತ್ತಾರೆ. ಆಗದು ಎನ್ನುವ ಊರಿಗೆ ಹೋಗುವುದಿದ್ದರೆ ಫಿಲ್ಮನ್ನು ಅಲ್ಲೇ ಕೊಂಡು, ಅಲ್ಲೇ ಡೆವಲಪ್ ಮಾಡಿಸಿ, ನೆಗೆಟಿವ್ ಹಿಡಿದು ಹೊರಡುತ್ತೇನೆ. ಒಮ್ಮೆ ಡೆವಲಪ್ ಆದ ಫಿಲ್ಮಿಗೆ ಯಾವ ಎಕ್ಸ್-ರೇಯೂ ಏನೂ ಮಾಡದು.