ಕಿರುಗುಟ್ಟದ ಸಬ್‌ಫ್ಲೋರ್: ಮಟ್ಟ, ಸಪಾಟು ಮತ್ತು ಆ 1 ಮಿ.ಮೀ. ಸಂದು

ಮರದ ಚೌಕಟ್ಟಿನ ಮನೆಯಲ್ಲಿ ಜಾಯಿಸ್ಟ್‌ಗಳ ಮೇಲೆ, ಅಂದರೆ ಅಡಿಯ ತೊಲೆಗಳ ಮೇಲೆ, ಮೊದಲು ಕೂರುವ ಹಲಗೆಯ ಪದರವೇ ಸಬ್‌ಫ್ಲೋರ್. ಪ್ಲೈವುಡ್ ಅಥವಾ ಓಎಸ್‌ಬಿ (ಮರದ ಚಕ್ಕೆಗಳನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ), 4×8 ಅಡಿ ಶೀಟ್, ಮುಕ್ಕಾಲು ಇಂಚು ದಪ್ಪ, ತೊಲೆಗಳು 16 ಇಂಚಿಗೊಂದು. ಶೀಟಿನ ಉದ್ದ ತೊಲೆಗಳಿಗೆ ಅಡ್ಡವಾಗಿ ಬರಬೇಕು. ಇಷ್ಟು ನಿಮಗೂ ಗೊತ್ತಿರುತ್ತದೆ. ನನ್ನ ತಲೆ ತಿಂದ ಭಾಗಗಳನ್ನು ಮಾತ್ರ ಬಿಡಿಸಿ ಬರೆಯುತ್ತೇನೆ.

ಸದ್ದು ಎಲ್ಲಿಂದ ಬರುತ್ತದೆ

ಹಲಗೆ ಮತ್ತು ತೊಲೆಯ ನಡುವೆ ಸಂದು ಇದ್ದರೆ, ಕಾಲಿಟ್ಟಾಗ ಹಲಗೆ ಕೆಳಗಿಳಿಯುತ್ತದೆ, ಕಾಲೆತ್ತಿದಾಗ ಮೇಲೇಳುತ್ತದೆ. ಆಗ ಅದು ಮೊಳೆಯ ಮೈಗೆ ಉಜ್ಜುತ್ತದೆ. ಆ ಉಜ್ಜಾಟವೇ ಕಿರ್ ಅನ್ನುವ ಸದ್ದು. ತೊಲೆಗೆ ತಗುಲದೆ ಪಕ್ಕದಲ್ಲಿ ಇಳಿದ ಮೊಳೆ ಇನ್ನೂ ಕೆಟ್ಟದ್ದು, ಅದು ತೊಲೆಯ ಮೈಗೇ ಉಜ್ಜುತ್ತಿರುತ್ತದೆ. ಅಂಥದ್ದು ಕಂಡರೆ ಆಗಲೇ ಕಿತ್ತುಬಿಡಿ. ಒಟ್ಟಿನಲ್ಲಿ ಸಂದು ಇಲ್ಲದಿದ್ದರೆ ಸದ್ದು ಇಲ್ಲ. ಮುಂದಿನದೆಲ್ಲ ಸಂದು ಎಲ್ಲಿಂದ ಬಂತು ಅನ್ನುವ ಕಥೆ.

ಮಟ್ಟ ಬೇರೆ, ಸಪಾಟು ಬೇರೆ

ರಸಮಟ್ಟದ ಗುಳ್ಳೆ ನಡುವೆ ನಿಂತರೆ ಸಾಕು ಅಂದುಕೊಂಡಿದ್ದೆ. ಅಭ್ಯಾಸಕ್ಕೆ ಕಟ್ಟಿದ ಚೌಕಟ್ಟಿನಲ್ಲಿ ಪ್ರತಿ ತೊಲೆಯ ಎರಡೂ ತುದಿ ಮಟ್ಟಕ್ಕೆ ಸರಿಯಾಗಿತ್ತು. ಆದರೂ ಮೂರನೇ ತೊಲೆಯ ಮೇಲೆ ನಿಂತರೆ ಕಿರ್. ಹಲಗೆ ಎಬ್ಬಿಸಿ ನೋಡಿದೆ. ಎರಡನೇ ಮತ್ತು ನಾಲ್ಕನೇ ತೊಲೆಯ ಮೇಲೆ ಅಂಟು ಚಪ್ಪಟೆಯಾಗಿ ಹರಡಿತ್ತು. ಮೂರನೆಯದರ ಮೇಲೆ ಹಚ್ಚಿದ ಗೆರೆ ಹಚ್ಚಿದ ಹಾಗೇ ಉಬ್ಬಿಕೊಂಡು, ಮೇಲೆ ಕೆನೆ ಕಟ್ಟಿಕೊಂಡು ಕೂತಿತ್ತು. ಹಲಗೆ ಅದನ್ನು ಮುಟ್ಟಿಯೇ ಇರಲಿಲ್ಲ!

ಕಾರಣ ತೊಲೆಯ ಬಾಗು. ಉದ್ದನೆಯ ಮರ ಸ್ವಲ್ಪವಾದರೂ ಬಾಗಿರುತ್ತದೆ. ತೊಲೆಯ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಅಂಚಿನುದ್ದಕ್ಕೂ ನೋಡಿದರೆ ಉಬ್ಬು ಕಾಣುತ್ತದೆ. ಉಬ್ಬಿದ ಕಡೆಗೆ ಬಾಣದ ಗುರುತು ಹಾಕಿ, ಬಾಣ ಮೇಲೆ ಬರುವಂತೆ ಕೂರಿಸಬೇಕು. ಭಾರ ಬಿದ್ದಾಗ ಉಬ್ಬು ಇಳಿಯುತ್ತದೆ. ಕೆಳಮುಖವಾಗಿ ಇಟ್ಟರೆ ಬಾಗಿದ್ದು ಇನ್ನಷ್ಟು ಬಾಗುತ್ತದೆ. ನನ್ನ ಮೂರನೇ ತೊಲೆ ತಲೆಕೆಳಗಾಗಿತ್ತು, ಅದಕ್ಕೇ ಅದರ ನಡುಭಾಗ ತಗ್ಗಿತ್ತು.

ಇನ್ನೊಂದು ಕಡೆಯಿಂದ ನೋಡಿ. 20 ಅಡಿ ಕೋಣೆ ಒಂದು ಬದಿಗೆ 1 ಇಂಚು ವಾಲಿರಬಹುದು. ಅದು ಮಟ್ಟವಿಲ್ಲ, ಆದರೆ ಪೂರ್ತಿ ಸಪಾಟಾಗಿರಬಹುದು, ಸದ್ದೂ ಬರದೇ ಇರಬಹುದು. ಹಾಗಾಗಿ ಈಗ ನಾನು ಮೊದಲು ಹಿಡಿಯುವುದು 10 ಅಡಿಯ ನೇರ ಪಟ್ಟಿ. ಅದನ್ನು ತೊಲೆಗಳಿಗೆ ಅಡ್ಡವಾಗಿ, ತುದಿಗಳಲ್ಲಷ್ಟೇ ಅಲ್ಲ ನಡುವೆಯೂ ಇಟ್ಟು ನೋಡಬೇಕು. ಮೇಲೆ ಮರದ ನೆಲಹಾಸು ಬರುವುದಾದರೆ 10 ಅಡಿಯಲ್ಲಿ 3/16 ಇಂಚಿಗಿಂತ ಜಾಸ್ತಿ ಏರುಪೇರು ಇರಬಾರದು ಅನ್ನುವುದು ಸಾಮಾನ್ಯ ಅಳತೆ. ಎದ್ದಿದ್ದನ್ನು ಪ್ಲೇನರ್‌ನಿಂದ ಕೆರೆಯಿರಿ, ತಗ್ಗಿಗೆ ತೊಲೆಯುದ್ದಕ್ಕೂ ಪಟ್ಟಿ ಅಂಟಿಸಿ. ದೊಡ್ಡ ತಗ್ಗನ್ನು ಸ್ಕ್ರೂ ಎಳೆದು ಮುಚ್ಚುತ್ತದೆ ಅಂತ ನಂಬಬೇಡಿ, ನೆಲವೇ ಅಲ್ಲಿ ಕುಳಿ ಬೀಳುತ್ತದೆ.

ಒಣಗುವ ಮರ (ಇಲ್ಲಿ ನನಗೆ ಎರಡು ದಿನ ಹೋಯಿತು)

ತೊಲೆ ಸುಮಾರು ಶೇ. 19 ತೇವದಲ್ಲಿ ಬಂತು, ಮನೆಯೊಳಗೆ ಶೇ. 10ಕ್ಕೆ ಒಣಗಿತು ಅನ್ನಿ. ಉದ್ದಕ್ಕೆ ಅದು ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಸುಮಾರು ಶೇ. 2 ಕುಗ್ಗುತ್ತದೆ. ಒಂಬತ್ತೂಕಾಲು ಇಂಚು ಎತ್ತರದ ತೊಲೆ, ಅಂದರೆ 235 ಮಿ.ಮೀ. ಇದ್ದದ್ದು ಹತ್ತಿರ ಹತ್ತಿರ 5 ಮಿ.ಮೀ. ಇಳಿಯುತ್ತದೆ. ಹಾಗಾದರೆ ಹಲಗೆಯ ಕೆಳಗೆ 5 ಮಿ.ಮೀ. ಸಂದು ಬೀಳಬೇಕಲ್ವಾ?

ಇಲ್ಲ. ನಾನು ಎಡವಿದ್ದೇ ಇಲ್ಲಿ. ತೊಲೆ ಇಳಿದರೆ ಮೊಳೆಯೂ ಇಳಿಯುತ್ತದೆ, ಹಲಗೆಯೂ ಜೊತೆಗೆ ಇಳಿಯುತ್ತದೆ. ಲೆಕ್ಕಕ್ಕೆ ಬರುವುದು ಮೊಳೆಯ ತುದಿಯಿಂದ ತೊಲೆಯ ಮೇಲ್ಮೈವರೆಗಿನ ಮರ ಮಾತ್ರ. ಎರಡೂವರೆ ಇಂಚಿನ ಮೊಳೆಯಲ್ಲಿ ಮುಕ್ಕಾಲು ಇಂಚು ಹಲಗೆಗೆ ಹೋಯಿತು. ಉಳಿದದ್ದು ಒಂದೂಮುಕ್ಕಾಲು ಇಂಚು, ಅಂದರೆ 44 ಮಿ.ಮೀ. ಅದರ ಶೇ. 2 ಅಂದರೆ 0.9 ಮಿ.ಮೀ. ತುದಿ ಕಚ್ಚಿಕೊಂಡಿರುತ್ತದೆ, ಸುತ್ತಲಿನ ಮರ ಅದರ ಕಡೆಗೆ ಕುಗ್ಗುತ್ತದೆ, ಮೊಳೆಯ ತಲೆ ಅಷ್ಟೇ ಎತ್ತರದಲ್ಲಿ ನಿಂತುಬಿಡುತ್ತದೆ. ಈ 1 ಮಿ.ಮೀ. ಸಾಕು ಸದ್ದಿಗೆ. ಸುಮ್ನೆ ಉದ್ದ ಮೊಳೆ ಹೊಡೆದರೆ ಗಟ್ಟಿ ಅನ್ನುವ ನನ್ನ ನಂಬಿಕೆಯೂ ಇಲ್ಲೇ ಬಿದ್ದುಹೋಯಿತು. ಉದ್ದ ಹೆಚ್ಚಾದಷ್ಟೂ ಕುಗ್ಗುವ ಮರವೂ ಹೆಚ್ಚು.

ಪೂರ್ತಿ 5 ಮಿ.ಮೀ. ತೊಂದರೆ ಕೊಡುವ ಜಾಗವೂ ಒಂದಿದೆ. ಒಣಗಿಸಿದ ತೆಳು ಮರದ ಪದರಗಳನ್ನು ಅಂಟಿಸಿ ತಯಾರಿಸಿದ ಎಲ್‌ವಿಎಲ್ ತೊಲೆಯ ಪಕ್ಕಕ್ಕೆ ಹಸಿ ತೊಲೆಯನ್ನು ಲೋಹದ ಹ್ಯಾಂಗರ್‌ನಲ್ಲಿ, ಅಂದರೆ ತೊಲೆಯ ತುದಿಯನ್ನು ಕೆಳಗಿನಿಂದ ಹೊರುವ ಹಿಡಿಕೆಯಲ್ಲಿ, ಸಮ ಎತ್ತರಕ್ಕೆ ಕೂರಿಸಿದಾಗ. ಹಸಿಯದು ಇಳಿಯುತ್ತದೆ, ಎಲ್‌ವಿಎಲ್ ಹೆಚ್ಚುಕಮ್ಮಿ ಹಾಗೇ ನಿಲ್ಲುತ್ತದೆ, ಹಲಗೆ ನಡುವೆ ತೂಗುತ್ತದೆ. ಒಣಗಿದ ಮರವನ್ನೇ ತರುವುದು ಇದಕ್ಕೆ ಸರಿಯಾದ ಮದ್ದು.

ಅಂಟು, ಮೊಳೆ, ಜೋಡಣೆ

ತೊಲೆಯುದ್ದಕ್ಕೂ ಕಾಲು ಇಂಚು ದಪ್ಪದ ಅಂಟಿನ ಗೆರೆ. ಎರಡು ಶೀಟುಗಳ ತುದಿ ಸೇರುವ ತೊಲೆಯ ಮೇಲೆ ಎರಡು ಗೆರೆ. ಒಂದೆರಡು ಶೀಟಿಗೆ ಆಗುವಷ್ಟೇ ಹಚ್ಚಿ, ಕೆನೆ ಕಟ್ಟಿದ ಅಂಟು ಹಿಡಿಯುವುದಿಲ್ಲ. ಮೊಳೆ ಅಂಚಿನಲ್ಲಿ 6 ಇಂಚಿಗೊಂದು, ನಡುವೆ 12 ಇಂಚಿಗೊಂದು. ಸ್ಕ್ರೂ ಹಲಗೆಯನ್ನು ಎಳೆದು ಕೂರಿಸುತ್ತದೆ, ನನಗೆ ಅದೇ ಇಷ್ಟ. ಶೀಟುಗಳ ನಡುವೆ 1/8 ಇಂಚು ಸಂದು ಬಿಡಿ. ಈ ಸಂದು ಬೇಕೇ ಬೇಕು, ತೇವಕ್ಕೆ ಹಲಗೆ ಹಿಗ್ಗಿದಾಗ ಅಂಚು ಎದ್ದು ನಿಲ್ಲಬಾರದಲ್ಲ. ತುದಿಯ ಜೋಡಣೆಗಳು ಸಾಲಿಂದ ಸಾಲಿಗೆ ತಪ್ಪಿಸಿ ಬರಲಿ.

ಶೀಟಿನ ಒಂದು ಅಂಚಿನಲ್ಲಿ ಟಂಗ್ (ಹೊರಚಾಚಿದ ನಾಲಿಗೆ), ಎದುರಿನ ಅಂಚಿನಲ್ಲಿ ಅದು ಕೂರುವ ಗ್ರೂವ್ (ತೋಡು) ಇದ್ದರೆ, ಮೊದಲ ಸಾಲಿನಲ್ಲಿ ಟಂಗ್ ಇರುವ ಅಂಚು ಗೋಡೆಯ ಕಡೆಗೆ. ಆಗ ಹೊರಗೆ ಗ್ರೂವ್ ಉಳಿಯುತ್ತದೆ. ಮುಂದಿನ ಶೀಟಿನ ಗ್ರೂವ್ ಅಂಚಿಗೆ ಮರದ ತುಂಡು ಕೊಟ್ಟು ಸುತ್ತಿಗೆಯಿಂದ ತಟ್ಟಬಹುದು, ಟಂಗ್ ಮುರಿಯುವುದಿಲ್ಲ.

ಮೇಲಿನ ನೆಲಹಾಸು ಬರುವ ಮುಂಚೆ ಬರಿಗಾಲಲ್ಲಿ ಪ್ರತಿ ತೊಲೆಯುದ್ದಕ್ಕೂ ನಿಧಾನ ನಡೆಯಿರಿ. ಕಿರ್ ಅಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಅಲ್ಲೇ ಒಂದು ಸ್ಕ್ರೂ ಬಿಗಿಯಿರಿ.